ಜೇಬಿನಲ್ಲಿರಬೇಕಾದ ಬೋಲ್ಟ್

ಅಪ್ಪನ ಕಾಲದ ರೈಫಲ್ಲಿನಲ್ಲಿ ಗುಂಡು ತಾನಾಗಿ ಹಾರದಂತೆ ತಡೆಯುವ ಸೇಫ್ಟಿಯ ರಿಪೇರಿ ಮಾಡಿಸುವುದೋ ಬೇಡವೋ ಎಂದು ಈನಿಡ್ ಮುದುಕಿಗೆ ವಾರದಿಂದ ನಿದ್ದೆಯಿಲ್ಲ. ಅದು ಕೆಟ್ಟು ನಲವತ್ತು ವರ್ಷವಾಗಿತ್ತು. ಗಾಡಿ ಒಂದು ಗುಂಡಿಗೆ ಇಳಿದರೆ ಸಾಕು, ತಾನಾಗಿ ಜಾರಿಕೊಳ್ಳುತ್ತಿತ್ತು. ಅಪ್ಪ ಬೇಕೆಂದೇ ಹಾಗೆ ಬಿಟ್ಟಿದ್ದ. ಸೇಫ್ಟಿ ನೆಟ್ಟಗಿದ್ದರೆ ಮನುಷ್ಯ ಮೈಮರೆಯುತ್ತಾನೆ ಎಂಬುದು ಅವನ ವಾದ. ಹಾಗಾಗಿ ಅವರ ಕುರಿ ಫಾರ್ಮಿನಲ್ಲಿ ಒಂದೇ ಕಟ್ಟಳೆ: ಗುಂಡು ಹಾರಿಸಿದವರು ಹೊಸ್ತಿಲು ದಾಟುವ ಮೊದಲು ಗುಂಡು ಏರಿಸುವ ಬೋಲ್ಟನ್ನೇ ಹೊರಗೆಳೆದು ಜೇಬಿಗೆ ಹಾಕಿಕೊಳ್ಳಬೇಕು. ಬೋಲ್ಟಿಲ್ಲದ ರೈಫಲ್ ಬರೀ ಕಬ್ಬಿಣದ ಕೊಳವೆ. ಎಪ್ಪತ್ತೊಂದು ವರ್ಷದ ಈನಿಡ್ ಒಮ್ಮೆಯೂ ತಪ್ಪಿದವಳಲ್ಲ. ಅದನ್ನು ಊರಿಗೆಲ್ಲ ಸಾರಿಕೊಂಡು ಬಂದವಳೂ ಅವಳೇ.

ಹೋದ ವಾರ ಮಾತ್ರ ಬೋಲ್ಟ್ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಸಿಕ್ಕಿದ್ದು ತಂಗಿ ನೋಲಾಳ ಕೈಗೆ. ಇನ್ನು ಕೇಳಬೇಕೆ!

"ನಿನ್ನ ತಲೆಯಂತೂ ಸಡಿಲ ಆಯ್ತು. ಆ ಸೇಫ್ಟಿನಾದ್ರೂ ಬಿಗಿ ಮಾಡ್ಸು ಮಾರಾಯ್ತಿ," ಎಂದು ನೋಲಾ ರಿಪೇರಿ ಅಂಗಡಿಗೆ ಹೊರಟ ಪಿಕಪ್ಪಿನಲ್ಲಿ ಕೂತ ಮೇಲೂ ಶುರುಮಾಡಿದಳು. ಕಂಬಳಿ ಸುತ್ತಿದ ರೈಫಲ್ ಅವಳ ಮೊಣಕಾಲಿಗೆ ಒರಗಿತ್ತು.

"ಮರೆತಿಲ್ಲ ಕಣೇ, ಇಟ್ಟ ಜಾಗ ತಪ್ತು, ಅಷ್ಟೇ."

"ಚಹಾಕ್ಕೆ ಎರಡು ಚಮಚ ಬೋಲ್ಟ್ ಹಾಕ್ಲಾ ಅಂತ ಕೇಳ್ಬೇಕಿತ್ತು ನಾನು."

ಕನ್ನಮಲ್ಲ ಪೇಟೆಗೆ ಹೋಗುವ ಮಣ್ಣುರಸ್ತೆ ಉದ್ದಕ್ಕೂ ಗಡಗಡ. ಈನಿಡ್ ಎರಡು ಸಲ ಗಾಡಿ ನಿಲ್ಲಿಸಿ ವಾಪಸ್ ತಿರುಗಿಸಲು ನೋಡಿದಳು. ರಿಪೇರಿ ಮಾಡಿಸಿದರೆ ಮರೆವನ್ನು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಇವತ್ತು ರೈಫಲ್ ಹೋಗುತ್ತದೆ, ನಾಳೆ ಗಾಡಿಯ ಕೀಲಿಕೈ, ನಾಡಿದ್ದು ಮರಿ ಹಾಕುವ ಕುರಿಗಳ ಕಾವಲು. ಅವಳಿಗೆ ಹೆದರಿಕೆಯಾಗಿತ್ತು. ಮತ್ತೆಮತ್ತೆ ಜೇಬು ಸವರಿಕೊಂಡಳು. ಬೋಲ್ಟಿನ ಭಾರ ಅಲ್ಲೇ ಇತ್ತು. ಬೆಳಿಗ್ಗೆ ಮರಿಗಳ ಹತ್ತಿರ ಬಂದ ನರಿಗೆ ಹೊಡೆದ ಗುಂಡು ತಪ್ಪಿತ್ತು. ಮತ್ತೊಂದು ಗುಂಡು ಏರಿಸುವಷ್ಟರಲ್ಲಿ ನರಿ ಮಾಯ. ಆಮೇಲೆ ಬೋಲ್ಟ್ ತೆಗೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಬಂದೂಕು ರಿಪೇರಿಯ ಕ್ಲ್ಯಾರಿ ಹಳೇ ಸ್ನೇಹಿತ. "ಕೊನೆಗೂ ಬಂದ್ಯಾ? ಅರ್ಧ ಗಂಟೆ ಕೆಲ್ಸ ಇದು," ಎನ್ನುತ್ತ ಕಂಬಳಿ ಬಿಚ್ಚಿದ. ಅವನ ನಗು ನಿಂತಿತು. ನಳಿಗೆಯನ್ನು ಮರಳಿನ ಬಕೆಟ್ಟಿನ ಕಡೆ ತಿರುಗಿಸಿ, ಅದರಲ್ಲೇ ಇದ್ದ ಬೋಲ್ಟನ್ನು ಮೆಲ್ಲಗೆ ಹಿಂದಕ್ಕೆಳೆದ. ಜೀವಂತ ಗುಂಡೊಂದು ಹಾರಿ ನೆಲಕ್ಕೆ ಬಿದ್ದು, ಉರುಳುತ್ತ ನೋಲಾಳ ಬೂಟಿನ ಹತ್ತಿರ ನಿಂತಿತು.

ಈನಿಡ್ ಜೇಬಿಗೆ ಕೈಹಾಕಿದಳು. ಬಂದದ್ದು ಕುರಿಯ ಗೊರಸು ಕೆತ್ತುವ ಚಾಕು.

ನೋಲಾ ಬಗ್ಗಿ ದಾರಿಯುದ್ದಕ್ಕೂ ರೈಫಲ್ ಒರಗಿದ್ದ ತನ್ನ ಮೊಣಕಾಲು ತಿಕ್ಕಿಕೊಂಡಳು. ಅವಳು ಬೈದಿದ್ದರೆ ಈನಿಡ್‌ಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಏನ್ಮಾಡ್ಲಿ ಈನಿಡ್?" ಎಂದ ಕ್ಲ್ಯಾರಿ.

"ರಿಪೇರಿ ಮಾಡು. ಆದ್ರೆ ವಾಪಸ್ ನನ್ ಕೈಗೆ ಕೊಡ್ಬೇಡ, ಇವಳಿಗೆ ಕೊಡು."

"ನಂಗೆ ಗುರಿ ಹಿಡಿಯೋಕೇ ಬರಲ್ಲ," ಎಂದಳು ನೋಲಾ, ಕಣ್ಣೊರೆಸಿಕೊಳ್ಳುತ್ತ.

"ಬರದಿದ್ರೇನು," ಎಂದು ಈನಿಡ್ ಗಾಡಿಯ ಕೀಲಿಕೈಯನ್ನೂ ತಂಗಿಯ ಅಂಗೈಲಿಟ್ಟಳು. "ನಿಂಗೆ ನೆನಪಿರುತ್ತೆ."