ಬೆರಳಿಗೆ ಕಾಣುವ ಗಿಡ

ಅಪ್ಪನ ಕಣ್ಣು ಮಂಜಾಗತೊಡಗಿದ್ದು ನಾನು ಅರಸೀಕೆರೆಯಲ್ಲಿ ಪಿಯುಸಿ ಓದುತ್ತಿದ್ದಾಗ. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದೊಂದು ಹೊಲಿಗೆ ಅಂಗಡಿ ಇತ್ತು. ಮೊದಮೊದಲು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದರು. ಆಮೇಲೆ ಕಪ್ಪು ಬಟ್ಟೆಯ ಮೇಲಿನ ಕಪ್ಪು ಹೊಲಿಗೆ ಕಾಣದೆ, ಕೊಟ್ಟ ಪ್ಯಾಂಟುಗಳು ವಾಪಸು ಬರತೊಡಗಿದವು. ಹಾಸನದ ಡಾಕ್ಟರು, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಔಷಧಿ ಬಿಟ್ಟುಕೊಳ್ಳಿ ಎಂದರು. ಅಪ್ಪ ಅಂಗಡಿ ಮುಚ್ಚಿ, ಮಿಷನ್ನು ಮನೆಗೆ ತಂದು ಅದಕ್ಕೊಂದು ಹಳೆಯ ಬೆಡ್‌ಶೀಟು ಹೊದಿಸಿದರು. ಅಮ್ಮ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಮನೆ ನಡೆಯಿತು. ಅಪ್ಪ ಮಾತ್ರ ತಾರಸಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು.

ಆ ವರ್ಷ ಮಳೆಗಾಲದಲ್ಲಿ ಬೇಲೂರಿನ ಚಿಕ್ಕಮ್ಮ ಬಂದರು. ಬುಟ್ಟಿಯಲ್ಲೊಂದು ಕುಂಡ. ಊಟಿಗೆ ಹೋದಾಗ ತಂದಿದ್ದಂತೆ. ದಪ್ಪ ಎಲೆಗಳು ಸುತ್ತುಸುತ್ತಾಗಿ ಜೋಡಿಕೊಂಡು, ಇಡೀ ಗಿಡವೇ ಅರಳಿದ ಒಂದು ಹೂವಿನಂತಿತ್ತು. ಬೂದಿ ಬೆರೆಸಿದಂಥ ಹಸಿರು, ಎಲೆಯ ತುದಿ ಮಾತ್ರ ಗುಲಾಬಿ.

"ನಮ್ಮೂರಲ್ಲಿ ಮಳೆ ಹಿಡ್ಕೊಂಡ್ರೆ ಬಿಡಲ್ಲ ಭಾವ. ಇದರ ಜೊತೆ ತಂದಿದ್ದೆಲ್ಲ ಕೊಳೆತೋಯ್ತು. ನಿಮ್ಮೂರ ಬಿಸಿಲಲ್ಲಿ ಇದೊಂದಾದ್ರೂ ಬದುಕ್ಲಿ," ಎಂದರು.

ಅಪ್ಪ ಕೈಚಾಚಿ ಮುಟ್ಟಿದರು. "ಏನಮ್ಮ ಇದು, ಎಲೆಕೋಸಾ?"

ಚಿಕ್ಕಮ್ಮ ನಕ್ಕರು. "ಅಯ್ಯೋ, ಮುಟ್ಬೇಡಿ ಭಾವ. ಮೇಲಿರೋ ಬೂದಿ ಅಳಿಸಿದ್ರೆ ಮತ್ತೆ ಬರಲ್ಲ."

ಅಪ್ಪ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು. ಅಮ್ಮ ತಂಗಿಯ ಕಡೆ ತಿರುಗಿ, "ಅಳಿಸಿದ್ರೆ ಅಳಿಸ್ಲಿ ಬಿಡೇ. ಅವ್ರು ಇನ್ನು ಹೆಂಗೆ ನೋಡ್ಬೇಕು?" ಎಂದಳು.

ಅಂದಿನಿಂದ ಆ ಗಿಡದ ಮೇಲೆ ಅಪ್ಪನ ಬೆರಳ ಗುರುತು ಇದ್ದೇ ಇರುತ್ತಿತ್ತು. ಬೆಳಗ್ಗೆ ಕೆಳಗಿನ ಎಲೆಯನ್ನು ಮೆಲ್ಲಗೆ ಒತ್ತುತ್ತಿದ್ದರು. ಗಟ್ಟಿಯಾಗಿದ್ದರೆ ನೀರಿಲ್ಲ, ಸ್ವಲ್ಪ ಮೆತ್ತಗಾಗಿ ಸುಕ್ಕು ಸಿಕ್ಕರೆ ಬುಡಕ್ಕೆ ಒಂದು ಲೋಟ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಒಂದೆರಡು ಸಲ ತಪ್ಪಿ ಕಲಿತದ್ದು.

ಹೀಗೆ ಒತ್ತುವಾಗ ಒಮ್ಮೆ ಎಲೆಯೊಂದು ಕಳಚಿ ಕೈಗೆ ಬಂತು. ಬೇಜಾರಾಗಿ, ಎಸೆಯಲೂ ಮನಸ್ಸಾಗದೆ ಕಿಟಕಿಯ ಕಟ್ಟೆಯ ಮೇಲಿಟ್ಟರು. ಕೆಲವು ವಾರಗಳ ಮೇಲೆ ನನ್ನನ್ನು ಕರೆದರು.

"ಬಾ ಇಲ್ಲಿ. ಎಲೆ ಬುಡದಲ್ಲಿ ಏನೋ ದಾರದ ಥರ ಸಿಗ್ತೈತೆ."

ನೋಡಿದೆ. ನಸುಗೆಂಪು ಬೇರುಗಳು. ಅವುಗಳ ನಡುವೆ ಅಂಗಿಯ ಗುಂಡಿಗಿಂತ ಚಿಕ್ಕದೊಂದು ಗಿಡ, ತಾಯಿಯ ಹಾಗೇ ಸುತ್ತಿಕೊಂಡಿತ್ತು. ಅಪ್ಪ ನಂಬಲಿಲ್ಲ. ಅವರ ಬೆರಳನ್ನು ಹಿಡಿದು ಅದರ ಮೇಲಿಟ್ಟೆ.

"ಮಣ್ಣಿಲ್ಲ, ನೀರಿಲ್ಲ. ಹೆಂಗ್ ಹುಟ್ತು?" ಎಂದರು. ಅಮ್ಮ ಕೆಲಸದಿಂದ ಬಂದ ಮೇಲೂ ಅದನ್ನೇ ಕೇಳಿದರು.

ಅಲ್ಲಿಂದ ಅವರಿಗೆ ಬಿಡುವೇ ಇರಲಿಲ್ಲ. ಮರಳು, ಇಟ್ಟಿಗೆ ಚೂರು, ಒಂದಿಷ್ಟು ಗೋಡುಮಣ್ಣು ಬೆರೆಸಿ ಜರಡಿ ಹಿಡಿಯುವರು. ಡಾಲ್ಡಾ ಡಬ್ಬಗಳಿಗೆ ಮೊಳೆಯಿಂದ ತೂತು ಹೊಡೆಯುವರು. ವರ್ಷದೊಳಗೆ ತಾರಸಿಯ ಗೋಡೆಯುದ್ದಕ್ಕೂ ಗಿಡಗಳು.

ಮುಂದಿನ ಬೇಸಿಗೆ ಹುಲಿಕೆರೆಯ ನೆಂಟರ ಮದುವೆಗೆಂದು ಹೋದವರು ಅಲ್ಲೇ ಕೆಲವು ದಿನ ಉಳಿದೆವು. ಪಕ್ಕದ ಮನೆಯ ಅಜ್ಜಿ, ಈ ಬಿಸಿಲಿಗೆ ಪಾಪ ಒಣಗುತ್ತವಲ್ಲ ಎಂದು ಎರಡು ಹೊತ್ತೂ ತಂಬಿಗೆಯಲ್ಲಿ ನೀರು ಹುಯ್ದಿದ್ದರು. ನಾವು ಬಂದಾಗ ಅಪ್ಪ ಚಪ್ಪಲಿ ಬಿಡುವ ಮೊದಲೇ ತಾರಸಿಗೆ ಹೋದರು. ಮುಟ್ಟಿದ ಎಲೆ ಲೋಳೆಯಾಗಿ ಬೆರಳಿಗೆ ಅಂಟಿತು. ಒಂದಾದ ಮೇಲೊಂದು ಡಬ್ಬ ಮುಟ್ಟುತ್ತ ಹೋದರು.

ಅಜ್ಜಿ ಮೆಟ್ಟಿಲ ಬಳಿ ನಿಂತು, "ಒಳ್ಳೇದಕ್ಕೇ ಹುಯ್ದೆ ಕಣಪ್ಪ," ಎಂದು ಕಣ್ಣೊರೆಸಿಕೊಂಡರು.

"ಗೊತ್ತು ಕಣಜ್ಜಿ," ಎಂದರು ಅಪ್ಪ. ಆಮೇಲೆ ನನ್ನ ಕಡೆ, "ಕತ್ತರಿ ತಗೊಂಬಾ."

ಅಂಗಡಿ ಮುಚ್ಚಿದ ಮೇಲೆ ಅವರು ಕತ್ತರಿ ಹಿಡಿದಿರಲಿಲ್ಲ. ಅಮ್ಮ "ಬೇಡ, ಕೈ ಕುಯ್ಕೊಳ್ತೀರ," ಎಂದಳು. ಅಪ್ಪ ಎಡಗೈಯಲ್ಲಿ ಕಾಂಡವನ್ನು ತಡವುತ್ತ, ಮೆತ್ತಗಿದ್ದದ್ದು ಮುಗಿದು ಗಟ್ಟಿ ಶುರುವಾದ ಜಾಗ ಸಿಕ್ಕಿದೊಡನೆ ಕತ್ತರಿಸಿದರು. ಒಂದು ಸಲವೂ ಕೈ ತಪ್ಪಲಿಲ್ಲ. ಅರ್ಧಕ್ಕರ್ಧ ಗಿಡಗಳನ್ನು ಎಸೆಯಬೇಕಾಯಿತು. ಉಳಿದವುಗಳ ಕತ್ತರಿಸಿದ ತಲೆಗಳನ್ನು ನೆರಳಲ್ಲಿ, ಗಾಯ ಒಣಗುವವರೆಗೆ ಮೊರದಲ್ಲಿ ಹರಡಿ, ಆಮೇಲೆ ಮರಳಲ್ಲಿ ನೆಟ್ಟರು. ಹೆಚ್ಚಿನವು ಬೇರು ಬಿಟ್ಟವು. ಅದರಲ್ಲೊಂದನ್ನು ಅಜ್ಜಿಗೇ ಕೊಟ್ಟರು. ನೀರು ಹಾಕುವ ಮುಂಚೆ ಅಜ್ಜಿ ಕಾಂಪೌಂಡಿನಾಚೆಯಿಂದ, "ಇವತ್ತು ಹಾಕ್ಲೇನಪ್ಪಾ?" ಎಂದು ಕೂಗಿ ಕೇಳುತ್ತಿದ್ದರು.

ಟಿಸಿಎಚ್ ಮುಗಿಸಿ ನನಗೆ ಹಳೇಬೀಡಿನ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕಾಗ ಒಂದು ಡಬ್ಬ ಜೊತೆಗೆ ಒಯ್ದೆ. ಬಾಡಿಗೆ ಮನೆಯ ಕಿಟಕಿಯಲ್ಲಿಟ್ಟೆ. ಅದು ಎತ್ತರವಾಗಿ ಬೆಳೆಯಿತು, ಚೆನ್ನಾಗಿದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಪ್ಪನಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಅಮ್ಮನೊಂದಿಗೆ ಮೊದಲ ಸಲ ಬಂದಾಗ ಗಿಡ ಎಲ್ಲಿದೆ ಎಂದು ಕೇಳಿ, ಮುಟ್ಟಿ, ಎಲೆ ಎಲೆಯ ನಡುವೆ ಬೆರಳು ತೂರಿಸಿದರು.

"ಬಿಸಿಲು ಸಾಲ್ದು ಇದಕ್ಕೆ. ಬೆಳಕು ಹುಡುಕ್ಕೊಂಡು ಕತ್ತು ಉದ್ದ ಮಾಡೈತೆ."

ಡಬ್ಬವನ್ನು ಎದೆಗವಚಿಕೊಂಡು ಅಂಗಳಕ್ಕೆ ಇಳಿದರು. ನಾನು ಹಿಂದೆಯೇ ಹೋದೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಮುಖವನ್ನು ಅತ್ತಿತ್ತ ತಿರುಗಿಸಿದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಅವರ ಕೆನ್ನೆಗೆ ಬಿಸಿಲು ತಾಗಿತು. ಡಬ್ಬವನ್ನು ಅಲ್ಲೇ ಇಳಿಸಿದರು.