ಸೀರೆಯ ಇನ್ನೊಂದು ತುದಿ

ಬೆಳೆ ತಿನ್ನುವ ಹುಳುಗಳನ್ನು ಎಣಿಸಿ ಬರೆದುಕೊಳ್ಳುವ ಸಮೀಕ್ಷೆ ನನ್ನ ಕೆಲಸ. ಆದರೆ ಹುಳು ಮೈಮೇಲೆ ಹರಿದರೆ ಜೀವ ಬಾಯಿಗೆ ಬರುತ್ತದೆ. ಇದನ್ನು ಚಿಮಟ, ಕೈಗವಸುಗಳ ಮರೆಯಲ್ಲಿ ಆರು ವರ್ಷ ಮುಚ್ಚಿಟ್ಟಿದ್ದೆ, ಸಗರ ಎಂಬ ಊರಿನ ತೊಗರಿ ಹೊಲಕ್ಕೆ ಹೋಗುವವರೆಗೆ.

ಅಲ್ಲಿ ಗಿಡದ ಬುಡಕ್ಕೆ ಹಳೇ ಸೀರೆ ಹಿಡಿದು, ಗಿಡ ಅಲುಗಿಸಿ, ಕಾಯಿ ಕೊರೆಯುವ ಹುಳು ಉದುರಿಸುತ್ತಾರೆ. ಹೊಲದೊಡತಿ ಮಾಲನಬಿ ಸೀರೆಯ ಒಂದು ತುದಿ ಹಿಡಿದಿದ್ದರು. ಸೊಸೆ ಗಿಡ ಅಲುಗಿಸಲು ನಿಂತಿದ್ದಳು. ಇನ್ನೊಂದು ತುದಿಗೆ ಜನವಿರಲಿಲ್ಲ.

"ಸುಮ್ನ ನೋಡ್ಕೋತ ನಿಂತೀರಲ್ರಿ ಮೇಡಂ, ಹಿಡೀರಿ," ಮಾಲನಬಿ ಕರೆದರು.

ಕೈಗವಸು ಜೀಪಿನಲ್ಲೇ ಉಳಿದಿತ್ತು. ಹಿಡಿದೆ. ಹುಳುಗಳು ಪಟಪಟ ಬಿದ್ದವು. ಮೂರನೇ ಸಾಲಿನಲ್ಲಿ ಒಂದು ನನ್ನ ಹೆಬ್ಬೆರಳು ಹತ್ತಿ ಅಂಗಿಯ ತೋಳಿನೊಳಗೆ ಹೊಕ್ಕಿತು.

"ಅಮ್ಮಾ, ಹುಳು! ತೋಳಿನೊಳಗೆ!"

"ಸೀರಿ ಬಿಡಬ್ಯಾಡ್ರಿ! ಬಿಟ್ರ ಎಲ್ಲಾ ಮತ್ತ ಗಿಡಾ ಹತ್ತತಾವ. ಮುಂಜಾನಿಂದ ದುಡಿದದ್ದು ನೀರಾಗ ಹೋಗತದ. ಅವು ತೊಗರಿ ತಿನ್ನಾವ್ರಿ, ನಿಮ್ಮನ್ನಲ್ಲ."

ಬಿಡಲಿಲ್ಲ. ಅದು ಮೊಣಕೈವರೆಗೆ ನಡೆಯಿತು, ನಾನು ಸಾಲಿನ ಕೊನೆಯವರೆಗೆ ನಡೆದೆ. ಸೀರೆ ಮಡಚಿದ ಮೇಲೆ ಅಂಗಿಯ ತೋಳು ಮೇಲೇರಿಸಿ, ಬರಿಗೈಯಲ್ಲೇ ಹುಳುವನ್ನು ಹಿಡಿದು ತೆಗೆದೆ.

"ಅದನ್ನೂ ಬರಕೋರಿ," ಅಂದರು ಮಾಲನಬಿ.

ಬರೆದುಕೊಂಡೆ. ಸೊಟ್ಟಗೆ ಬಿದ್ದ ಆ ಅಂಕಿ ಒಂದೋ ಏಳೋ, ಇವತ್ತಿಗೂ ನನಗೇ ಓದಲು ಬರುವುದಿಲ್ಲ.