ಗೋಡೆಯಾಚೆ ನಿಂತ ಆಂಬುಲೆನ್ಸ್

ಯಾದಗಿರಿ ಕಡೆಯ ಬಸಕ್ಕ ಸರ್ಜಾಪುರದ ಹೊರಗೆ, ಶ್ಯಾಮಣ್ಣನ ಶೀಟಿನ ಮನೆಗಳ ಸಾಲಿನಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದಳು. ಗಂಡ ಕೊಟ್ರಪ್ಪ ಗಾರೆ ಕೆಲಸದವನು. ಮನೆಯ ಹಿಂದಿನ ಬಂಡಿದಾರಿ ಹಿಡಿದರೆ ಐದು ನಿಮಿಷಕ್ಕೆ ಡಾಂಬರು ರಸ್ತೆ. ಬಸ್ಸು, ಔಷಧಿ ಅಂಗಡಿ, ಅವಳು ಪಾತ್ರೆ ತೊಳೆಯುವ ನಾಲ್ಕು ಮನೆ, ಎಲ್ಲವೂ ಅತ್ತಲೇ.

ಹೋದ ವರ್ಷ ದಾರಿಯ ಇಕ್ಕೆಲದ ರಾಗಿ ಹೊಲಗಳು ಲೇಔಟ್ ಆದವು. ಸುತ್ತ ಎಂಟಡಿ ಕಾಂಪೌಂಡ್ ಎದ್ದಿತು. ಆ ಕೆಲಸಕ್ಕೆ ಕೊಟ್ರಪ್ಪನೂ ಹೋಗಿದ್ದ, ಬಸಕ್ಕ ಬ್ಲಾಕು ಹೊತ್ತಿದ್ದಳು. ದಾರಿಯ ಬಾಯಿಗೆ ಗೇಟು ಬಿಡುತ್ತಾರೆಂದು ಇಬ್ಬರೂ ನಂಬಿದ್ದರು. ಬಿಡಲಿಲ್ಲ. ಬಡಾವಣೆಗಳ ಒಂದೊಂದು ರಸ್ತೆಯೂ ಒಂದೊಂದು ಗೋಡೆಗೆ ಹೋಗಿ ನಿಲ್ಲುತ್ತಿತ್ತು. ಉಳಿದದ್ದು ಕೆರೆ ಏರಿ ಬಳಸುವ ಮೂರು ಕಿಲೋಮೀಟರ್ ನಡಿಗೆ. ಬಸಕ್ಕ ಶ್ಯಾಮಣ್ಣನನ್ನು ಕೇಳಿದಳು. ಹೊಲ ಮಾರಿದವರಲ್ಲಿ ಅವನೂ ಒಬ್ಬ.

"ನಮ್ಮ ತಾತನ ಕಾಲದಿಂದ ಓಡಾಡಿದ್ದೇ ಕಣಮ್ಮ. ಆದ್ರೆ ನಕ್ಷೆಯಾಗೆ ದಾರಿನೇ ಇಲ್ಲ," ಎಂದ.

ಶ್ರಾವಣದ ಒಂದು ದಿನ, ಬೆಳಿಗ್ಗೆ ಹನ್ನೊಂದು ಗಂಟೆ ಹೊತ್ತಿಗೆ, ಕೊಟ್ರಪ್ಪ ಎದೆ ಹಿಡಿದುಕೊಂಡು ಕುಸಿದ. ಪಕ್ಕದ ಮನೆಯ ಮುರಿಗೆಪ್ಪ ಫೋನ್ ಮಾಡಿದ. ಆಂಬುಲೆನ್ಸ್ ಬೇಗನೇ ಬಂತು, ಆದರೆ ಮೊಬೈಲಿನ ಮ್ಯಾಪು ತೋರಿಸಿದಂತೆ ಗೋಡೆಯ ಆಚೆಗೆ. ಸೈರನ್ ಇಲ್ಲಿಗೇ ಕೇಳುತ್ತಿತ್ತು. ಏರಿಯ ಮೇಲೆ ಟ್ಯಾಂಕರುಗಳು ಎದುರುಬದುರು ಸಿಕ್ಕಿಕೊಂಡಿವೆ, ಬಳಸಿ ಬರಲು ಅರ್ಧ ಗಂಟೆಯಾದರೂ ಬೇಕು ಎಂದು ಡ್ರೈವರ್ ಫೋನಿನಲ್ಲಿ ಹೇಳಿದ. ಮುರಿಗೆಪ್ಪ ಇನ್ನಿಬ್ಬರನ್ನು ಕರೆದು ಕೊಟ್ರಪ್ಪನನ್ನು ಕಂಬಳಿಯಲ್ಲಿ ಗೋಡೆಯವರೆಗೆ ಹೊತ್ತು ತಂದ. ಎಲ್ಲಿಂದಲೋ ಏಣಿ ತಂದು, ಅವನನ್ನು ಮೇಲೆತ್ತಿ, ಆಚೆಯವರ ಕೈಗೆ ಇಳಿಸುವಷ್ಟರಲ್ಲಿ ಉಸಿರು ನಿಂತಿತ್ತು. ಬಸಕ್ಕ ಇನ್ನೂ ಈಚೆಗೇ ಇದ್ದಳು. ಸುದ್ದಿಯನ್ನು ಗೋಡೆಯ ಮೇಲೆ ಕೂತಿದ್ದ ಮುರಿಗೆಪ್ಪ ಹೇಳಿದ.

ತಿಂಗಳ ಮೇಲೆ ಲೇಔಟಿನವರು ಗೋಡೆಯಲ್ಲಿ ಒಬ್ಬರು ತೂರುವಷ್ಟು ಬಾಗಿಲು ಮಾಡಿಸಿದರು. ಅದು ಮನೆಗೆಲಸದವರಿಗೆ ಮಾತ್ರ. ಫೋಟೊ ಇರುವ ಕಾರ್ಡು ಬೇಕು. ಬೆಳಿಗ್ಗೆ ಆರರಿಂದ ಹತ್ತರವರೆಗೆ ತೆರೆದಿರುತ್ತದೆ. ಕಾರ್ಡು ಮಾಡಿಕೊಡಲು ಬಂದಿದ್ದ, ಲೇಔಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಹರ್ಷವರ್ಧನ್ ಬಳಿ ಬಸಕ್ಕ ಕೇಳಿದ್ದು ಒಂದೇ ಮಾತು.

"ಹತ್ತರ ಮ್ಯಾಲ ಜಡ್ಡಾದ್ರ ಏನ್ ಮಾಡ್ಬೇಕ್ರಿ, ಸಾರ್?"

ಸೆಕ್ಯುರಿಟಿಯವರ ಹತ್ತಿರ ಮಾತಾಡುತ್ತೇನೆ ಎಂದು ಅವನು ಮುಂದಿನವರ ಹೆಸರು ಕರೆದ.

ಅವಳು ಫೋಟೊ ಕೊಡಲಿಲ್ಲ. ಏರಿ ಬಳಸಿ ಹೋಗುವಷ್ಟರಲ್ಲಿ ದಿನವೂ ತಡವಾಗಿ ನಾಲ್ಕೂ ಮನೆಗಳು ಕೈಬಿಟ್ಟುಹೋದವು. ಈಗ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿಗಳ ದಾರ ಕತ್ತರಿಸುತ್ತಾಳೆ. ದೀಪಾವಳಿಗೆ ಅವಳ ಅಣ್ಣ ಬಂದು, ಊರಿಗೆ ನಡಿ ತಂಗಿ, ಇಲ್ಲೇನಿದೆ ನಿನಗೆ ಎಂದು ಕರೆದ. ಗಂಡನನ್ನು ಇಲ್ಲೇ ಮಣ್ಣು ಮಾಡಿದ್ದೇನೆ, ಬರುವುದಿಲ್ಲ ಎಂದು ಬಸಕ್ಕ ಅವನಿಗೆ ಊಟಕ್ಕೆ ತಟ್ಟೆ ಇಟ್ಟಳು.